ಅಜ್ಜಿ ನಡೆದಷ್ಟೇ ಸ್ಪೀಡು

ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಹೋಗುತ್ತಿರಲಿಲ್ಲ. ಸುತ್ತೂರಿನ ಸೇತುವೆ ದಾಟಿ ಏರು ಹತ್ತುವಾಗ ನಮ್ಮಪ್ಪ ಚಲುವಯ್ಯ ಆಕ್ಸಿಲರೇಟರ್ ಒತ್ತಿದಷ್ಟೂ ನಮ್ಮ ಬಿಳಿ ಅಂಬಾಸಿಡರ್ ಗಂಟಲು ಹರಿದುಕೊಳ್ಳುತ್ತಿತ್ತು. ವಿಲನ್ ಮುಂದೆ ಉದ್ದುದ್ದ ಡೈಲಾಗ್ ಹೊಡೆದು, ಏಟು ಬೀಳುವ ಹೊತ್ತಿಗೆ ಕಂಬದ ಹಿಂದೆ ನಿಲ್ಲುವ ಕಾಮಿಡಿ ಪಾರ್ಟಿಯ ಹಾಗೆ. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿಕೊಂಡು ಹೋಯಿತು.

"ಅಪ್ಪ, ಕಬ್ಬು ಓವರ್‌ಟೇಕ್ ಮಾಡ್ತು. ಇನ್ನು ಎಮ್ಮೆ ಮಾಡದೊಂದು ಬಾಕಿ ಅದೆ," ಎಂದೆ ನಾನು ಮುಂದಿನ ಸೀಟಿನಿಂದ.

"ಮುಚ್ಲಾ ಬಾಯ, ಜಗ್ಗ."

ಹಿಂದಿನ ಸೀಟಿನಲ್ಲಿ ಅಜ್ಜಿ ಮಹದೇವಮ್ಮ, ಅವ್ವ ಇಂದ್ರಾಣಿ, ಇಬ್ಬರ ನಡುವೆ ರೇಷ್ಮೆ ಸೀರೆ ಮುದುರದಂತೆ ಉಸಿರು ಬಿಗಿಹಿಡಿದು ಕೂತ ನನ್ನ ತಂಗಿ ಧನುಶ್ರೀ. ಟಿ. ನರಸೀಪುರದಲ್ಲಿ ಅವತ್ತು ಅವಳ ನಿಶ್ಚಿತಾರ್ಥ. ಹುಡುಗ ಪ್ರೇಮ್‌ಕುಮಾರ್ ಅಲ್ಲೇ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು.

"ಏನೋ ಸುಟ್ಟ ವಾಸ್ನೆ," ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಕ್ಲಚ್ಚು ಜಾರ್ತಾ ಅದೆ," ಎಂದ ಅಪ್ಪ.

"ಮಗಳ ಮದ್ವೆ ಮುಂದಿಟ್ಕೊಂಡು ಇದೊಂದು ಜಾರದು ಬಾಕಿ ಇತ್ತು. ಬಸ್ಸಲ್ಲಿ ಓಗುವ ಅಂದ್ರೆ ಕೇಳ್ನಿಲ್ಲ."

"ನನ್ ಮಗಳು ನಿಶ್ಚಯಕ್ಕೆ ಬಸ್ಸಲ್ಲಿ ಓಯ್ತಾಳಾ?"

"ಟೈಮಿಗಾದ್ರೂ ಓಯ್ತಿದ್ಲು," ಎಂದಳು ಅವ್ವ.

ಕೊನೆಗೆ ನಾನೂ ಧನುಶ್ರೀಯೂ ಇಳಿದು ಏರಿನ ತುದಿಯವರೆಗೆ ನಡೆದೆವು. ಮದುಮಗಳು ರೇಷ್ಮೆ ಸೀರೆಯಲ್ಲಿ, ಚಪ್ಪಲಿಗೆ ಮೆತ್ತಿದ ಕೆಸರು ನೋಡಿಕೊಳ್ಳುತ್ತಾ ನಡೆಯುತ್ತಿದ್ದಳು. ನಾನು ಬಾಯಲ್ಲೇ ನಾಯಕಿಯ ಎಂಟ್ರಿ ಮ್ಯೂಸಿಕ್ ಹಾಕಿದೆ. ಅವಳು ಪರ್ಸಿನಿಂದ ಹೊಡೆದಳು.

ಆ ಕಾರಿನ ಕತೆ ಹೇಳದಿದ್ದರೆ ಅಪ್ಪನ ಹಟ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮೂರು ನಂಜನಗೂಡಿನಿಂದ ಕವಲಂದೆ ಕಡೆಗೆ ಹೋಗುವ ದಾರಿಯಲ್ಲಿದೆ. ನಮ್ಮ ಬೀದಿಯಿಂದ ಬಸ್ ನಿಲ್ಲುವ ಕಡೆಗೆ ಹೋಗಬೇಕಾದರೆ ದೊಡ್ಡಬೀದಿ ಹಾಯಬೇಕು. ಅಜ್ಜಿ ಮದುವೆಯಾಗಿ ಬಂದ ದಿನ ಆ ಬೀದಿಯನ್ನು ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ತಾತನ ಹಿಂದೆ ನಡೆದು ದಾಟಿದ್ದಳು. ಜಗಲಿಯ ಮೇಲೆ ಕೂತವರ ಮುಂದೆ ನಮ್ಮವರು ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ. ಅಪ್ಪ ದೊಡ್ಡವನಾಗಿ, ತಾಂಡ್ಯದ ಫ್ಯಾಕ್ಟರಿಯಲ್ಲಿ ಡ್ರೈವರ್ ಆಗಿ, ಸರ್ಕಾರಿ ಹರಾಜಿನಲ್ಲಿ ಈ ಅಂಬಾಸಿಡರ್ ಹಿಡಿದು ತಂದಾಗ ಒಂದು ಕಾನೂನು ಮಾಡಿದ. ನಮ್ಮ ಬೀದಿಯಲ್ಲಿ ಯಾರದೇ ಮದುವೆಯಾಗಲಿ, ಹೆಣ್ಣು ಗಂಡು ಈ ಕಾರಿನಲ್ಲಿ ಕೂತು ದೊಡ್ಡಬೀದಿಯಲ್ಲಿ ಮೆರವಣಿಗೆ ಹೋಗಬೇಕು. ಬಾಡಿಗೆ ಇಲ್ಲ. ಒಂದು ಊಟ, ಒಂದು ಪೇಟ.

ಮೊದಲನೇ ಮೆರವಣಿಗೆಗೆ ಮುಂಚೆ ಅಪ್ಪ ಅಜ್ಜಿಯನ್ನು ಕಾರಿನ ಮುಂದೆ ನಡೆಯಲು ಹೇಳಿದನಂತೆ.

"ಅವತ್ತು ಎಂಗ್ ನಡೆದ್ಯೋ ಅಂಗೇ ನಡಿಯವ್ವ."

ಅಜ್ಜಿ ನಡೆದಳು. ಅದೇ ಸ್ಪೀಡಿಗೆ ಅಪ್ಪ ಕಾರು ಬಿಟ್ಟ. ಅಂದಿನಿಂದ ಅದೇ ಸ್ಪೀಡು. ಫಸ್ಟ್ ಗೇರು, ಅರ್ಧ ಕ್ಲಚ್ಚು. ಎಡಗಾಲನ್ನು ಪೆಡಲ್ ಮೇಲೆ ಪೂರ್ತಿ ಒತ್ತದೆ, ಪೂರ್ತಿ ಬಿಡದೆ, ತೂಕಕ್ಕೆ ಹಿಡಿದು ಬ್ಯಾಂಡಿನವರ ಹಿಂದೆ ತೆವಳಿಸುತ್ತಿದ್ದ. ದೊಡ್ಡಬೀದಿಯಲ್ಲಿ ಎಂಜಿನ್ ನಿಲ್ಲಕೂಡದು, ನಿಂತರೆ ತಳ್ಳಬೇಕಾಗುತ್ತದೆ, ಜಗಲಿಯವರ ಮುಂದೆ ತಳ್ಳಿಸಿಕೊಂಡು ಹೋಗುವುದಕ್ಕಿಂತ ಹೋಗದಿರುವುದೇ ವಾಸಿ ಎಂಬುದು ಅವನ ಲೆಕ್ಕ. ಅಷ್ಟು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಈಗ ಧನುಶ್ರೀಯ ಸರದಿ.

"ಊರೋರ್ ಮಕ್ಳನ್ನೆಲ್ಲ ಕೂರ್ಸ್ಕಂಡ್ ಓಗಿವ್ನಿ. ನನ್ ಮಗಳ ಮೆರವಣಿಗೆ ಆಗ್ಬುಡ್ಲಿ, ಆಮೇಲೆ ಕಾರು ಮಾರ್ತೀಯೋ ಸುಡ್ತೀಯೋ ನಿನ್ನಿಷ್ಟ," ಎಂದು ಅವ್ವನಿಗೆ ಮಾತು ಕೊಟ್ಟಿದ್ದ.

ನಿಶ್ಚಿತಾರ್ಥದ ಊಟ ಮುಗಿದ ಮೇಲೆ ಪ್ರೇಮ್‌ಕುಮಾರ್ ನಮ್ಮನ್ನು ಟಿ. ನರಸೀಪುರದ ಗ್ಯಾರೇಜೊಂದಕ್ಕೆ ಕರೆದೊಯ್ದ. ಅಂಬಾಸಿಡರ್ ಕೆಲಸ ಬಲ್ಲವನು ಅಂತ ಆ ಕಡೆ ಉಳಿದಿದ್ದವನು ಮಲ್ಲಿಕಾರ್ಜುನ್ ಒಬ್ಬನೇ. ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ಅವನು ಸ್ಟೀರಿಂಗ್ ಮುಂದೆ ಕೂತು ಹ್ಯಾಂಡ್‌ಬ್ರೇಕ್ ಎಳೆದ, ಟಾಪ್ ಗೇರಿಗೆ ಹಾಕಿದ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟ. ಎಂಜಿನ್ ಏನೂ ಆಗದವರಂತೆ ಓಡುತ್ತಲೇ ಇತ್ತು.

"ನೋಡಿದ್ರಾ? ಹಿಂಗ್ ಬಿಟ್ರೆ ಎಂಜಿನ್ ಗಕ್ ಅಂತ ನಿಂತೋಗ್ಬೇಕು. ನಿಂತ್ರೆ ಕ್ಲಚ್ಚು ಚೆನ್ನಾಗಿದೆ ಅಂತ. ಇದು ನಿಲ್ತಿಲ್ಲ."

"ಅಂದ್ರೆ ನಿಂತ್ರೆ ಪಾಸು, ಓಡುದ್ರೆ ಫೇಲು. ಥೇಟ್ ನನ್ ಪಿಯುಸಿ," ಎಂದೆ.

ಮಲ್ಲಿಕಾರ್ಜುನ್ ನಗಲಿಲ್ಲ. ಅವನು ಕಾರಿನ ಕೆಳಗೆ ಟಾರ್ಚ್ ಬಿಟ್ಟು, "ಹಿಂದಿನ ಸೀಲಿಂದ ಆಯಿಲ್ ಸೋರ್ತಿದೆ ಚಲುವಣ್ಣ. ಆಯಿಲ್ ಪ್ಲೇಟಿಗೆ ಕುಡಿಸಿದ್ರೆ ಪ್ಲೇಟು ಕುಡಿದವನ ಥರ ಜಾರ್ದೆ ಇನ್ನೇನ್ ಮಾಡ್ತದೆ? ಬಿಟ್ಟೋಗಿ," ಎಂದ.

ಆ ವಾರ ಗೇರ್‌ಬಾಕ್ಸ್ ಇಳಿಯುವಾಗ ಅಪ್ಪ ಅಲ್ಲೇ ಇದ್ದ. ನನಗೆ ರಜ, ನಾನೂ ಇದ್ದೆ. ಅಪ್ಪ ಶೂ ಬಿಚ್ಚಿ ಟ್ರೇ ಪಕ್ಕ ಇಟ್ಟು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿಕೊಂಡು ಪಾನಾ ಎತ್ತಿಕೊಡುತ್ತಿದ್ದ. ಡ್ರೈವರ್ ಕೆಲಸ ಬಿಟ್ಟರೂ ಅವನು ಕರಿ ಶೂ, ಸಾಕ್ಸ್ ಬಿಟ್ಟಿರಲಿಲ್ಲ. ಹಳೆಯ ಪ್ಲೇಟು ಹೊರಬಂದಾಗ ಅದರ ಪದರ ಸವೆದು, ಎಣ್ಣೆ ಮೆತ್ತಿ, ಹಿತ್ತಾಳೆ ರಿವಿಟ್ಟುಗಳು ಹಲ್ಲಿನ ಹಾಗೆ ಹೊರಗೆ ಕಾಣುತ್ತಿದ್ದವು. ಮಲ್ಲಿಕಾರ್ಜುನ್ ಅದನ್ನು ಟ್ರೇಗೆ ಬಡಿದ. ಪುಡಿ, ರಿವಿಟ್ಟು ಎಲ್ಲ ಸುತ್ತ ಚೆಲ್ಲಿದವು. ಹೊಸ ಸೀಲು, ಹೊಸ ಪ್ಲೇಟು ಹಾಕಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಅದೇ ಪರೀಕ್ಷೆ. ಎಂಜಿನ್ ಗಕ್ ಎಂದು ನಿಂತಿತು. ಅಪ್ಪ ಚಪ್ಪಾಳೆ ತಟ್ಟಿದ.

ಮನೆಯಲ್ಲಿ ಆ ಚಪ್ಪಾಳೆಗೆ ಬೆಲೆ ಸಿಗಲಿಲ್ಲ. ಅವ್ವ ತಾಂಡ್ಯದ ಗಾರ್ಮೆಂಟ್ಸ್‌ನಿಂದ ಬಂದು, ಬಕೆಟ್ ನೀರು ಹೊತ್ತು, ಮುದ್ದೆ ತೊಳಸುತ್ತಾ ಶುರು ಮಾಡಿದಳು.

"ಹೊಸ ಪ್ಲೇಟು ಕಾರಿಗೆ. ನಮ್ಗೆ ಅದೇ ಸೊಟ್ಟೆ ತಟ್ಟೆ."

"ಊಟದ ಮುಂದೆ ಯಾಕೆ ಅದು?" ಎಂದ ಅಪ್ಪ.

"ಇನ್ಯಾವಾಗ? ನೀವು ಕೈಗೆ ಸಿಗೋದೇ ಊಟದ ಮುಂದೆ."

ಅಜ್ಜಿ ಉಪ್ಸಾರಿನ ಖಾರ ಬೆರಳಲ್ಲಿ ನೆಕ್ಕುತ್ತಾ, "ಬುಡು ಇಂದ್ರಾಣಿ, ಅವ್ನ ಕಾಲುರಿ ವಾಸಿಯಾಯ್ತಲ್ಲ, ಅಷ್ಟು ಸಾಕು," ಎಂದಳು. ಹಿಂದಿನ ವರ್ಷವೆಲ್ಲ ಅಪ್ಪನಿಗೆ ಅಂಗಾಲು ಉರಿ. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮಾತ್ರೆ ಡಬ್ಬಿಯಲ್ಲಿ ಇರುತ್ತಿತ್ತು, ಅಪ್ಪ ಟೀ ಅಂಗಡಿಯಲ್ಲಿ ಇರುತ್ತಿದ್ದ. ಅಜ್ಜಿಯೇ ದಿನಾ ಸಂಜೆ ಹರಳೆಣ್ಣೆ ಹಚ್ಚಿ ಅವನ ಪಾದ ತಿಕ್ಕುತ್ತಿದ್ದಳು. ಬರಬರುತ್ತಾ ಉರಿ ನಿಂತಿತು. ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಪಾದ ತಿಕ್ಕುವುದನ್ನೂ ನಿಲ್ಲಿಸಿದಳು.

"ಅಜ್ಜಿ ಆಯಿಲ್ ಮುಂದೆ ಆಸ್ಪತ್ರೆ ಔಟು," ಎಂದು ನಾನೂ ಸೀಟಿ ಹೊಡೆದಿದ್ದೆ.

ಯುಗಾದಿ ಹತ್ತಿರ ಬಂತು. ಮದುವೆ ಅದಾದ ಮೇಲೆ. ಅಪ್ಪ ಪ್ರತಿದಿನ ಕಾರು ಒರೆಸಿ, ಊರ ಹೊರಗೆ ಹೋಗಿ ಅಜ್ಜಿಯ ಸ್ಪೀಡಿನಲ್ಲಿ ಅಭ್ಯಾಸ ಮಾಡಿ ಬರುತ್ತಿದ್ದ. ಒಂದು ಸಂಜೆ ಅವನು ನಡೆದುಕೊಂಡು ಬಂದ.

"ಕಾರೆಲ್ಲಿ?" ಎಂದಳು ಧನುಶ್ರೀ.

"ಹೆಡತಲೆ ಊರ್ ದಾರೀಲಿ ನಿಂತದೆ."

"ಏನಾಯ್ತು?"

"ಜಾರ್ತದೆ."

ಅವ್ವ ಪಾತ್ರೆ ತೊಳೆಯುತ್ತಿದ್ದವಳು ಎದ್ದೂ ಬರಲಿಲ್ಲ. ಅಲ್ಲಿಂದಲೇ, "ಕಾರಿಗೆ ಕಟ್ಕೊಳ್ಳಿ ತಾಳಿಯ," ಎಂದಳು.

ಈ ಸಲ ಲಾರಿಗೆ ಹಗ್ಗ ಕಟ್ಟಿ ಟಿ. ನರಸೀಪುರಕ್ಕೆ ಎಳೆಸಿದೆವು. ಗೇರ್‌ಬಾಕ್ಸ್ ಮತ್ತೆ ಇಳಿಯಿತು. ಮಲ್ಲಿಕಾರ್ಜುನ್ ಪ್ಲೇಟು ಎತ್ತಿ ಹಿಡಿದ. ಎಣ್ಣೆಯ ಹನಿಯೂ ಇರಲಿಲ್ಲ. ಪ್ಲೇಟು ಕರಕಲು. ಅದು ಕೂರುವ ಉಕ್ಕಿನ ಚಕ್ರದ ಮೇಲೆ ನೀಲಿ ಕಲೆಗಳು.

"ಇದು ನನ್ ಕೆಲಸದ ತಪ್ಪಲ್ಲ ಚಲುವಣ್ಣ. ಇದು ಸುಟ್ಟಿರೋದು. ಡ್ರೈವಿಂಗ್ ಪೂರಾ ಯಾರೋ ಕ್ಲಚ್ ಮೇಲೆ ಕಾಲಿಟ್ಕೊಂಡೇ ಇದಾರೆ."

"ಯಾರೋ ಅಂದ್ರೆ?" ಅಪ್ಪ ಎದ್ದು ನಿಂತ. "ಈ ಕಾರಲ್ಲಿ ಡ್ರೈವರ್ ಸೀಟಲ್ಲಿ ಕೂರೋನು ಒಬ್ನೇ."

"ಅದನ್ನೇ ಹೇಳಿದ್ದು ನಾನು."

"ನಂಗೆ ಕ್ಲಚ್ ಕಲಿಸ್ತೀಯಾ? ನೀನು ಚಡ್ಡಿ ಆಕದ್ ಕಲಿಯೋಕ್ಕಿಂತ ಮುಂಚಿಂದ ಈ ಎಡಗಾಲು ಕ್ಲಚ್ ತುಳಿತಾ ಅದೆ. ಮೆರವಣಿಗೇಲಿ ಮಾತ್ರ ಅರ್ಧ ಒತ್ತದು. ರೋಡಲ್ಲಿ ಕಾಲು ಕೆಳಗೆ. ನೆಲದ ಮೇಲೆ."

"ಹಂಗಾದ್ರೆ ದೆವ್ವ ತುಳೀತಿರಬೇಕು."

ಇಬ್ಬರೂ ಕೈಕೈ ಮಿಲಾಯಿಸುವ ಮುಂಚೆ ನಾನು ನಡುವೆ ಹೋಗಿ, "ಕಟ್ ಕಟ್ ಕಟ್. ಲಂಚ್ ಬ್ರೇಕ್," ಎಂದೆ. ಅಪ್ಪನನ್ನು ಹೋಟೆಲಿಗೆ ಕಳಿಸಿದೆ. ಅವನು ಹೋದ ಮೇಲೆ ನನ್ನ ತಲೆಯಲ್ಲಿ ಒಂದು ಬಲ್ಬ್ ಹತ್ತಿತು. ಅಪ್ಪನನ್ನು ರೆಡ್ ಹ್ಯಾಂಡಾಗಿ ಹಿಡಿಯಬೇಕು. ಅಲ್ಲ, ರೆಡ್ ಲೆಗ್ಗಾಗಿ.

ಕಾರು ಹಿಂದಕ್ಕೆ ಹೋಗುವಾಗ ಪೀಪೀ ಎಂದು ರಾಗ ಹಾಡುತ್ತದಲ್ಲ, ಆ ರಿವರ್ಸ್ ಹಾರ್ನ್ ಒಂದನ್ನು ಪಕ್ಕದ ಅಂಗಡಿಯಿಂದ ತಂದೆ. ಬ್ರೇಕ್ ಲೈಟಿಗೆ ಇರುವಂಥದೇ ಸ್ವಿಚ್ಚೊಂದನ್ನು ಕ್ಲಚ್ ಪೆಡಲ್ ಹಿಂದೆ ಕಟ್ಟಿ ಅದಕ್ಕೆ ವೈರ್ ಎಳೆದೆ. ಪೆಡಲ್ ಮೇಲೆ ಕೋಳಿಮರಿ ಕೂತರೂ ಸಾಕು, ಹಾರ್ನ್ ಹಾಡುತ್ತದೆ. ಮಲ್ಲಿಕಾರ್ಜುನ್ ಹೊಸ ಪ್ಲೇಟು ಹಾಕಿ ಬಿಗಿಯುತ್ತಾ ಮೊದಲ ಸಲ ನಕ್ಕ. "ಅಪ್ಪ ಮಗ ಇಬ್ಬರಲ್ಲಿ ಯಾರು ದೊಡ್ಡ ಸೈತಾನ್ ಅಂತ ಗೊತ್ತಾಗ್ತಿಲ್ಲ," ಎಂದ.

ಸಂಜೆ ಅಪ್ಪನೇ ಕಾರು ಎತ್ತಿದ. ಕ್ಲಚ್ ಒತ್ತಿದೊಡನೆ ಡ್ಯಾಶ್‌ಬೋರ್ಡ್ ಕೆಳಗಿನಿಂದ ಪೀಪೀಪೀ ಎಂದು ಹುಟ್ಟುಹಬ್ಬಕ್ಕೆ ಕರೆದ ಹಾಗೆ ರಾಗ ಶುರುವಾಯಿತು.

"ಯಾವನ್ಲಾ ಇದ್ನ ಇಟ್ಟಿದ್ದು!"

"ಲೈ ಡಿಟೆಕ್ಟರ್ ಕಣಪ್ಪ. ಕ್ಲಚ್ ಮೇಲೆ ಕಾಲಿದ್ರೆ ಆಡ್ತದೆ, ತಗದ್ರೆ ನಿಲ್ತದೆ. ಇವತ್ತು ಯಾರು ಅಪರಾಧಿ, ಯಾರು ನಿರಪರಾಧಿ ಗೊತ್ತಾಗೋಯ್ತದೆ."

"ಆಡ್ಲಿ ಬುಡು. ನಾನ್ ಯಾಕ್ ಎದುರ್ಲಿ?"

ಫಸ್ಟ್, ಸೆಕೆಂಡ್, ಥರ್ಡ್, ಟಾಪ್. ಊರು ದಾಟಿತು. ಬಯಲು ಬಂತು. ರಾಗ ನಿಲ್ಲಲಿಲ್ಲ. ಗದ್ದೆಯಲ್ಲಿದ್ದವರು ತಲೆ ಎತ್ತಿ ನೋಡಿದರು. ಶಾಲೆ ಮಕ್ಕಳು ದಾರಿ ಬದಿಯಲ್ಲಿ ಕುಣಿದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಅಪ್ಪ, ಕಾಲು ತಗಿ."

"ತಗ್ದಿವ್ನಿ."

"ತಗ್ದಿಲ್ಲ, ಆಡ್ತಾ ಅದಲ್ಲ."

"ನಿನ್ ಡಬ್ಬ ಕೆಟ್ಟೋಗದೆ. ಕಾಲು ಕೆಳಗದೆ ಕಣ್ಲಾ!"

"ಕೋರ್ಟಲ್ಲಿ ಎಲ್ಲ ಇಂಗೇ ಅಂತಾರೆ. ಕ್ಯಾಮೆರಾ ಕೆಳಗೆ ತಿರ್ಗ್ಸು, ನೋಡು."

ಅವನು ನೋಡಿದ. ನಾನೂ ಬಗ್ಗಿ ನೋಡಿದೆ. ಕರಿ ಶೂ ಕ್ಲಚ್ ಪೆಡಲ್ ಮೇಲೆ, ಕಾವಿಗೆ ಕೂತ ಕೋಳಿಯ ಹಾಗೆ ಕೂತಿತ್ತು. ಕಾರು ಒಂದು ಸಲ ಪಕ್ಕಕ್ಕೆ ಸರಿದು ಮತ್ತೆ ದಾರಿಗೆ ಬಂತು. ಅಪ್ಪ ಸ್ಟೀರಿಂಗಿನಿಂದ ಎಡಗೈ ತೆಗೆದು, ಮಂಡಿಯ ಕೆಳಗೆ ಹಿಡಿದು, ಕಾಲನ್ನು ಚೀಲ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟ. ರಾಗ ನಿಂತಿತು. ಸ್ವಲ್ಪ ದೂರ ಹೋದೆವು. ಅವನು ರಸ್ತೆ ನೋಡುತ್ತಿದ್ದ. ಶೂ ತಾನಾಗಿಯೇ ಜರುಗಿ ಮತ್ತೆ ಪೆಡಲ್ ಮೇಲೆ ಹತ್ತಿತು. ಪೀಪೀಪೀ.

ನನ್ನ ನಗು ಎಲ್ಲಿ ನಿಂತಿತೋ ಗೊತ್ತಿಲ್ಲ. ಅಪ್ಪ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿದ.

"ಶೂ ಬಿಚ್ಚಪ್ಪ."

"ಯಾಕೆ?"

"ಬಿಚ್ಚು."

ಅವನು ಬಿಚ್ಚಲಿಲ್ಲ. ನಾನು ಇಳಿದು ಆ ಕಡೆ ಹೋಗಿ ಬಾಗಿಲು ತೆಗೆದು ಲೇಸ್ ಬಿಚ್ಚಿದೆ. ಶೂ ಬಂತು, ಸಾಕ್ಸ್ ಬರಲಿಲ್ಲ. ಅದು ಅಂಗಾಲಿಗೆ ಅಂಟಿಕೊಂಡಿತ್ತು. ಇಷ್ಟು ದಿನ ಕಾರಿನಲ್ಲಿ ಸುಟ್ಟ ವಾಸನೆ ಎಂದು ಅವ್ವ ಮೂಗು ಮುಚ್ಚುತ್ತಿದ್ದಳಲ್ಲ, ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತೆಂದು ಆಗ ತಿಳಿಯಿತು. ಸಾಕ್ಸ್ ನಿಧಾನಕ್ಕೆ ಸುಲಿದೆ. ಪಾದದ ಅಡಿ ಕಪ್ಪು, ಹಸಿರು. ಅದರ ನಡುವಿನಿಂದ ಏನೋ ಕಳಚಿ ಕಾರಿನ ತಗಡಿನ ಮೇಲೆ ಟಣ್ ಎಂದು ಬಿತ್ತು. ಹಿತ್ತಾಳೆಯ ರಿವಿಟ್ಟು.

ಅಪ್ಪ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. "ನಮ್ ಹಳೇ ಪ್ಲೇಟಿಂದು," ಎಂದ. "ಅವತ್ತು ಶೂ ಒಳಕ್ಕೆ ಬಿದ್ದಿರ್ಬೇಕು."

"ನೋಯ್ನಿಲ್ವಾಪ್ಪ?"

"ಇಲ್ವಲ್ಲ."

"ಇಷ್ಟ್ ದಿಸಾನೂ?"

"ಉರಿ ಓಯ್ತಲ್ಲ ಮಗ. ವಾಸಿ ಆಯ್ತು ಅಂದ್ಕಂಡಿದ್ದೆ."

ಅಲ್ಲಿಂದ ಮನೆಗೆ ನಾನೇ ಕಾರು ಓಡಿಸಿದೆ. ಗೇರು ಬದಲಿಸುವಾಗ ಮಾತ್ರ ರಾಗ ಚೂರು ಚೂರು ಕೇಳುತ್ತಿತ್ತು. ಕ್ಲಚ್ಚು ಚೆನ್ನಾಗಿ ಹಿಡಿಯುತ್ತಿತ್ತು.

ಮೈಸೂರಿನ ಆಸ್ಪತ್ರೆಯ ಡಾಕ್ಟರು ಪಾದದ ತುಂಬ ಅಲ್ಲಲ್ಲಿ ಪೆನ್ನಿನ ತುದಿ ಒತ್ತಿ, "ಇಲ್ಲಿ? ಇಲ್ಲಿ?" ಎಂದು ಕೇಳಿದರು. ಅಪ್ಪ ಮೇಲೆ ಫ್ಯಾನ್ ನೋಡುತ್ತಾ ಮಲಗಿದ್ದ. ಯಾವುದಕ್ಕೂ ಹೂಂ ಎನ್ನಲಿಲ್ಲ. ಸಕ್ಕರೆಯಿಂದ ನರ ಸತ್ತಿದೆ, ಉರಿ ನಿಂತದ್ದು ವಾಸಿಯಾಗಿ ಅಲ್ಲ, ವಿಷ ಮೇಲಕ್ಕೆ ಏರುತ್ತಿದೆ ಎಂದರು. ಮಂಡಿಯ ಕೆಳಗೆ ತೆಗೆಯಬೇಕೆಂದರು.

ಆಸ್ಪತ್ರೆಯ ವರಾಂಡದಲ್ಲಿ ಅವ್ವ ಬುತ್ತಿ ಬಿಚ್ಚಿದವಳು ಹಾಗೇ ಮುಚ್ಚಿದಳು.

"ಕಾರಿನ ಕ್ಲಚ್ಚ ಎರಡು ಸಲ ಬಿಚ್ಚಿ ನೋಡುದ್ರಿ," ಎಂದಳು. "ಕಾಲ ಒಂದ್ ಸಲ ಬಿಚ್ಚಿ ನೋಡ್ನಿಲ್ಲ, ಯಾರೂವೆ."

ಬುತ್ತಿಯ ಗಂಟು ಮತ್ತೆ ಬಿಗಿದಳು.

"ನಾನಾದ್ರೂ ನೋಡ್ಬೇಕಿತ್ತು. ಆ ಸಾಕ್ಸ್ ಒಗಿಯೋಳು ನಾನೇ. ಕರೆ ಆಗಿತ್ತು, ಆಯಿಲ್ ಕರೆ ಅಂತ ಸೋಪಾಕಿ ಉಜ್ಜಿ ಉಜ್ಜಿ ಒಗ್ದೆ." ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ನೀವು ಬೀದಿಗೆಲ್ಲ ಏಳ್ಕೊಂಡ್ ಬಂದ್ರಲ್ಲ ಅತ್ತೆ, ಅರಳೆಣ್ಣೆ, ಅರಳೆಣ್ಣೆ ಅಂತ."

ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. "ನಿಲ್ಲುಸ್ಬಾರ್ದಿತ್ತು ಕಣವ್ವ," ಎಂದಳು. "ದಿನಾ ತಿಕ್ತಾ ಇದ್ದಿದ್ರೆ ನನ್ ಕೈಗೆ ಸಿಕ್ತಿತ್ತು."

ಧನುಶ್ರೀ ಎದ್ದು ಅಲ್ಲಿಂದ ಹೋದಳು. ಮೆಟ್ಟಿಲ ಹತ್ತಿರ ಪ್ರೇಮ್‌ಕುಮಾರ್‌ಗೆ ಫೋನ್ ಮಾಡಿ ಮದುವೆ ಮುಂದಕ್ಕೆ ಹಾಕೋಣ ಎಂದಳು. ಅವನೂ ಒಪ್ಪಿದ. ಮಾರನೇ ದಿನ ತಾನೇ ಬಂದು ಅಪ್ಪನ ಹಾಸಿಗೆ ಪಕ್ಕ ನಿಂತು, "ಮಾವ, ನೀವು ಸುಧಾರಿಸ್ಕೊಳಿ. ಕಾಯ್ತೀವಿ," ಎಂದ.

"ಏನಂತ ಕಾಯ್ತೀಯಪ್ಪ?" ಎಂದ ಅಪ್ಪ. "ಕಾಲು ಬೆಳೆಯೋಗಂಟವಾ?"

ಮದುವೆ ಮುಂದಕ್ಕೆ ಹೋಗಲಿಲ್ಲ. ಕಾಲು ಹೋಯಿತು.

ಅಪ್ಪ ಮನೆಗೆ ಬಂದಾಗ ಲಗ್ನಪತ್ರಿಕೆ ಹಂಚಿ ಮುಗಿದಿತ್ತು. ಜಗಲಿಯಲ್ಲಿ ಮಂಚ ಹಾಕಿದೆವು. ಅವನು ಅಲ್ಲಿಂದಲೇ ನನಗೆ ಡ್ರೈವಿಂಗ್ ಹೇಳಿಕೊಡಲು ಶುರು ಮಾಡಿದ.

"ಅರ್ಧ ಅಂದ್ರೆ ಅರ್ಧ. ಎಂಜಿನ್ ದನಿ ಚೂರು ಕುಗ್ತದೆ ನೋಡು, ಅಲ್ಲಿ ಕಾಲು ನಿಲ್ಲುಸ್ಬೇಕು. ಅಲ್ಲಿಂದ ಒಂದ್ ಕೂದಲು ಬುಟ್ರೂ ನಿಂತೋಯ್ತದೆ."

"ಪ್ಲೇಟು ಸುಟ್ಟೋಗಲ್ವಾ?"

"ಸುಡ್ಲಿ. ಅದು ಇರೋದೇ ಅದಕ್ಕೆ."

ಪೀಪೀ ವೈರನ್ನು ಕಿತ್ತು, ಸ್ಕೂಲ್ ಮೈದಾನದಲ್ಲಿ ಅಭ್ಯಾಸ ಮಾಡಿದೆ. ಅಜ್ಜಿ ಮುಂದೆ ನಡೆದಳು. ಆದರೆ ಅಜ್ಜಿಗೆ ಈಗ ಮಂಡಿ ನೋವು. ಮದುಮಗಳಾಗಿದ್ದಾಗಿನ ನಡಿಗೆ ಎಲ್ಲಿಂದ ತರುತ್ತಾಳೆ? ಅವಳ ಹಿಂದೆ ಹೋದರೆ ಕಾರು ನಿಲ್ಲುತ್ತಿತ್ತು, ನಿಲ್ಲದ ಹಾಗೆ ಹೋದರೆ ಬಂಪರ್ ಅವಳ ಸೀರೆಗೆ ತಾಗುತ್ತಿತ್ತು. ಅಷ್ಟರಲ್ಲಿ ನನಗೆ ಫ್ಯಾಕ್ಟರಿ ಶಿಫ್ಟಿಗೆ ಹೊತ್ತಾಗುತ್ತಿತ್ತು.

ಟಿ. ನರಸೀಪುರದಲ್ಲಿ ಮದುವೆ ಮುಗಿದು, ಹೆಣ್ಣು ಗಂಡು ನಮ್ಮೂರಿಗೆ ಬಂದ ಸಂಜೆ ಮೆರವಣಿಗೆ. ಕಾರಿಗೆ ಚೆಂಡುಹೂ, ಕನಕಾಂಬರ. ಬಾನೆಟ್ ಮೇಲೆ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ. ಅಪ್ಪನಿಗೆ ಬಿಳಿ ಅಂಗಿ ಹಾಕಿ ಪೇಟ ಸುತ್ತಿದೆವು.

"ಮುಂದಿನ ಸೀಟಲ್ಲಿ ಕೂತ್ಕೊ ಬಾಪ್ಪ," ಎಂದಳು ಧನುಶ್ರೀ. "ನಿನ್ನ ಎತ್ಕೊಂಡ್ ಓಗಿ ಕೂರುಸ್ತಾರೆ."

"ಆ ಕಾರಲ್ಲಿ ಡ್ರೈವರ್ ಸೀಟು ಬುಟ್ಟು ಬ್ಯಾರೆ ಕಡೆ ನಾನು ಕೂತೋನಲ್ಲ ಕಣವ್ವ. ಓಗ್ಬುಟ್ಟು ಬಾ. ಇಲ್ಲಿಗೇ ಕೇಳುಸ್ತದೆ."

ಮುಂದಿನ ಸೀಟಿನಲ್ಲಿ ಅಜ್ಜಿ ಕೂತಳು. ಕಾಲಲ್ಲಿ ಹೊಸ ಚಪ್ಪಲಿ.

ದೊಡ್ಡಬೀದಿಯ ಅರ್ಧದವರೆಗೆ ಎಲ್ಲ ಚೆನ್ನಾಗಿತ್ತು. ಬ್ಯಾಂಡಿನವರು ಹೊಡೆಯುತ್ತಿದ್ದರು, ಹುಡುಗರು ಕುಣಿಯುತ್ತಿದ್ದರು. ನಾನು ಅರ್ಧ ಕ್ಲಚ್ಚನ್ನು ತೂಕಕ್ಕೆ ಹಿಡಿದಿದ್ದೆ. ಏರು ಶುರುವಾಗುವಲ್ಲಿ, ಟೈಲರ್ ಅಂಗಡಿ ಜಗಲಿಯ ಮುಂದೆ, ಕುಣಿಯುವವರು ನಿಂತರು. ನಾನು ಕಾಲು ಒತ್ತಿದೆ. ಅವರು ಸರಿದರು. ನಾನು ಕಾಲು ಬಿಟ್ಟೆ, ಒಂದು ಕೂದಲು ಹೆಚ್ಚಿಗೆ. ಹೊಸ ಪ್ಲೇಟು ಗಟ್ಟಿಯಾಗಿ ಕಚ್ಚಿತು. ಎಂಜಿನ್ ಗಕ್ ಎಂದು ನಿಂತಿತು.

ಮಲ್ಲಿಕಾರ್ಜುನ್ ಪರೀಕ್ಷೆಯ ಪ್ರಕಾರ ಕ್ಲಚ್ಚು ಪಾಸು.

ಚಾವಿ ತಿರುಗಿಸಿದೆ. ಕಿರ್ರ್ ಎಂದಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಬ್ಯಾಟರಿ ಅಷ್ಟಕ್ಕೇ ಕೈ ಎತ್ತಿತು. ಬ್ಯಾಂಡಿನವರು ಗೊತ್ತಾಗದೆ ಸ್ವಲ್ಪ ಮುಂದೆ ಹೋಗಿ, ಒಬ್ಬೊಬ್ಬರಾಗಿ ಬಾರಿಸುವುದನ್ನು ನಿಲ್ಲಿಸಿದರು. ಜಗಲಿಯಲ್ಲಿ ಕೂತ ಯಾರಾದರೂ ನಗಬಹುದೆಂದು ಕಾದೆ. ಯಾರೂ ನಗಲಿಲ್ಲ. ಟೈಲರ್ ಸಿದ್ದಮಲ್ಲಪ್ಪ ಕತ್ತರಿ ಕೆಳಗಿಟ್ಟು, "ಚಲುವಯ್ಯ ಇದ್ದಿದ್ರೆ ನಿಲ್ತಿರ್ಲಿಲ್ಲ," ಎಂದ. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ನಕ್ಕಿದ್ದರೆ ಚೆನ್ನಾಗಿತ್ತು.

"ಅಣ್ಣ, ನಾನ್ ಇಳಿಯಲ್ಲ," ಎಂದಳು ಧನುಶ್ರೀ ಹಿಂದಿನಿಂದ. "ಏನಾದ್ರೂ ಮಾಡು, ನಾನ್ ಇಲ್ಲಿ ಇಳಿಯಲ್ಲ."

ಪ್ರೇಮ್‌ಕುಮಾರ್ ಬಾಸಿಂಗ ಬಿಚ್ಚಿಟ್ಟು ಇಳಿದ. ಕುಣಿಯುತ್ತಿದ್ದ ಹುಡುಗರೂ ಅವನೂ ಸೇರಿ ತಳ್ಳಿದರು. ಜಗಲಿಯಿಂದ ಇಬ್ಬರು ಇಳಿದು ಬಂದು ಅವರೂ ಕೈಹಾಕಿದರು. ನಾನು ಸ್ಟೀರಿಂಗ್ ಹಿಡಿದು ಪಕ್ಕಕ್ಕೆ ನೋಡಿದೆ. ಅಜ್ಜಿ ತಲೆ ತಗ್ಗಿಸಿ ಕೂತಿದ್ದಳು. ಏರು ಮುಗಿದು ಎಂಜಿನ್ ಹತ್ತಿದ ಮೇಲೂ ಅವಳು ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಅಪ್ಪ ಮಂಚದ ಮೇಲೆ ಪೇಟ ಬಿಚ್ಚಿಟ್ಟುಕೊಂಡು ಕೂತಿದ್ದ.

"ನಿಂತೋಯ್ತಾ?"

"ಇಲ್ಲ ಕಣಪ್ಪ. ಸೂಪರ್ ಹಿಟ್," ಎಂದೆ.

"ನಂಗ್ ಕೇಳುಸ್ತು ಕಣ್ಲಾ."

ಹೋಳಿಗೆ ತಂದುಕೊಟ್ಟರೆ ಬೇಡವೆಂದ. ಧನುಶ್ರೀ ಗಂಡನ ಮನೆಗೆ ಹೊರಡುವಾಗ ಅವನ ಕಾಲಿಗೆ ಬೀಳಲು ಬಗ್ಗಿದವಳು, ಒಂದು ಪಾದ ಮುಟ್ಟಿ, ಇನ್ನೊಂದು ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಕೂತುಬಿಟ್ಟಳು. ಅವ್ವ ಎಬ್ಬಿಸಿ ಕಳಿಸಿದಳು.

ಮನೆ ಖಾಲಿಯಾಯಿತು. ಒಂದು ಭಾನುವಾರ ಮಧ್ಯಾಹ್ನ ನಾನು, ಅವ್ವ, ಅಜ್ಜಿ ಊಟಕ್ಕೆ ಕೂತಿದ್ದೆವು. ಹುರುಳಿಕಾಳು ಸಾರು. ಅಪ್ಪ ಮಂಚದ ಮೇಲೆ ಮಲಗಿದ್ದಾನೆ ಎಂದುಕೊಂಡಿದ್ದೆವು.

"ಮೈಸೂರಿಂದ ಒಬ್ರು ಫೋನ್ ಮಾಡಿದ್ರು," ಎಂದಳು ಅವ್ವ. "ಓಟ್ಲು ಮುಂದೆ ಅಳೇ ಕಾರು ನಿಲ್ಲುಸ್ತಾರಂತೆ, ಬಂದೋರು ಫೋಟೊ ತಗಸ್ಕೊಳಕ್ಕೆ. ಎಂಜಿನ್ ಓಡ್ದಿದ್ರೂ ಆಯ್ತದಂತೆ."

"ಅಪ್ಪಂಗೆ ಏಳುದ್ಯಾ?"

"ಎಂಗ್ ಏಳದು ಅಂತ ನೀನೇ ಏಳ್ಕೊಡು. ಡೈಲಾಗ್ ಮಾಸ್ಟ್ರಲ್ವಾ ನೀನು."

ನಾನು ಇನ್ನೊಂದು ಸೌಟು ಸಾರು ಹಾಕಿಕೊಂಡೆ. ಅಜ್ಜಿ ಮುದ್ದೆ ಮುರಿದು ತಟ್ಟೆಯಲ್ಲೇ ಹೊರಳಿಸುತ್ತಿದ್ದಳು.

ಆಗ ಹಿತ್ತಲ ಶೆಡ್ಡಿನಿಂದ ರಾಗ ಕೇಳಿಸಿತು. ಪೀಪೀಪೀ.

ನಿಂತಿತು. ಮತ್ತೆ ಶುರುವಾಯಿತು. ನಿಂತಿತು.

"ಅದ್ನ ಕಿತ್ತಾಕಿದ್ಯಲ್ಲ?" ಎಂದಳು ಅವ್ವ.

"ಕಿತ್ತಾಕಿದ್ದೆ."

"ಮತ್ತೆ ಯಾರು ಸಿಕ್ಸುದ್ರು?"

ರಾಗ ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ನಾನು ಎಂಜಲು ಕೈಯಲ್ಲೇ ಎದ್ದು ಹೋದೆ.

ಅಪ್ಪ ಡ್ರೈವರ್ ಸೀಟಿನಲ್ಲಿದ್ದ. ಶೆಡ್ಡಿನವರೆಗೆ ಹೇಗೆ ಬಂದನೋ, ಪಂಚೆಯ ತುಂಬ ಮಣ್ಣಾಗಿತ್ತು. ಬಗ್ಗಿ ವೈರ್ ಸಿಕ್ಕಿಸಿದ್ದವನು ಅವನೇ. ಊರುಗೋಲಿನ ತುದಿಯನ್ನು ಕ್ಲಚ್ ಪೆಡಲ್ ಮೇಲಿಟ್ಟು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದ. ಪೆಡಲ್ ಒತ್ತಿದೆಯೋ ಬಿಟ್ಟಿದೆಯೋ ಎಂದು ಅವನಿಗೆ ಹೇಳಲು ಆ ರಾಗ ಒಂದೇ ಇತ್ತು.

"ಅಪ್ಪ."

ಅವನು ತಿರುಗಲಿಲ್ಲ. ಎದುರಿನ ಗೋಡೆಯನ್ನೇ, ಅಲ್ಲಿ ದಾರಿ ಇದ್ದ ಹಾಗೆ ನೋಡುತ್ತಿದ್ದ.

"ಉರಿ ಮತ್ತೆ ಬಂದದೆ ಕಣ್ಲಾ ಜಗ್ಗ," ಎಂದ. "ಎಡಗಾಲು. ಅಂಗಾಲೆಲ್ಲ ಉರೀತದೆ. ನಿಜ ಕಣ್ಲಾ, ಉರೀತದೆ."

ನನ್ನ ಹಿಂದೆ ಚಪ್ಪಲಿ ಸದ್ದಾಯಿತು. ಅಜ್ಜಿ ಊಟ ಬಿಟ್ಟು ಎದ್ದು ಬಂದಿದ್ದಳು. ಕೈಯಲ್ಲಿ ಹರಳೆಣ್ಣೆಯ ಸೀಸೆ. ಕಾರಿನ ಬಾಗಿಲ ಹತ್ತಿರ ನಿಂತು ಮುಚ್ಚಳ ತೆಗೆದು, ಅಂಗೈಗೆ ಎಣ್ಣೆ ಸುರಿದುಕೊಂಡು, ಎರಡು ಕೈ ಸೇರಿಸಿ ಉಜ್ಜಿ ಬಿಸಿ ಮಾಡಿ, ಒಳಗೆ ಬಗ್ಗಿದಳು.

ಪಾದವಿರಬೇಕಾದ ಕಡೆ ಕೈ ಚಾಚಿ ಅಲ್ಲಿಯೇ ನಿಂತಳು. ಎಣ್ಣೆ ಅವಳ ಬೆರಳುಗಳಿಂದ ತೊಟ್ಟಿಕ್ಕಿತು. ರಾಗ ಹಾಡುತ್ತಲೇ ಇತ್ತು.